ಬಾಡು, ಹೆಂಡ, ಪಂಕ್ತಿ: ಚಿಕ್ಕಲ್ಲೂರಿನ ಹಬ್ಬದೂಟದ ಚರಿತ್ರೆ

ಕೊಳ್ಳೇಗಾಲ–ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ ಪುಷ್ಯದ ಹುಣ್ಣಿಮೆಯಿಂದ ಐದು ದಿನ ಸಿದ್ದಪ್ಪಾಜಿಯ ಜಾತ್ರೆ. ನಾಲ್ಕನೆಯ ದಿನ ಪಂಕ್ತಿಸೇವೆ. ಹರಕೆ ಹೊತ್ತ ಒಕ್ಕಲು ಬಿಡಾರದ ಮುಂದೆ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ತಲೆಕಾಲನ್ನು ಉರಿಯಲ್ಲಿ ಸುಟ್ಟು, ಸೀದ ಕೂದಲನ್ನು ಕತ್ತಿಯಿಂದ ಹೆರೆದು ಸಾರಿಗೆ ಹಾಕುತ್ತಾರೆ. ಎಡೆ ಇಟ್ಟ ಮೇಲೆ ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ಈ ಊಟವನ್ನು ಬಾಡಿನ ಕಡೆಯಿಂದಷ್ಟೇ ನೋಡಿದರೆ ಅರ್ಧ ಚರಿತ್ರೆ ಕೈತಪ್ಪುತ್ತದೆ. ಇನ್ನರ್ಧ ಹೆಂಡದ್ದು.

ಈ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ಹಾಡುವ, ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಕಾವ್ಯದಲ್ಲಿ ಈ ಜೋಡಿಗೆ ರುಚಿಗಿಂತ ದೊಡ್ಡ ಅರ್ಥವಿದೆ. ಕಲ್ಯಾಣದ 1,96,000 ಜಂಗಮರ ನಿಜ ಭಕ್ತಿಯನ್ನು ಪರೀಕ್ಷಿಸಲು ಧರೆಗೆ ದೊಡ್ಡವರು, ಅಂದರೆ ಮಂಟೇಸ್ವಾಮಿ, ಹೊಲಸು ವೇಷ ತೊಟ್ಟು, ಹೆಂಡ ಕಂಡಗಳೊಡನೆ ಬಸವಣ್ಣನ ಬಾಗಿಲಿಗೆ ಬರುತ್ತಾರೆ. ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ. ಶರಣರ ಸಮತೆ ಊಟದೆಲೆಯ ಹತ್ತಿರ ಬಂದಾಗ ಎಲ್ಲಿ ನಿಂತಿತು ಎಂಬುದನ್ನು ಇಷ್ಟು ನೇರವಾಗಿ ಕೇಳಿದ ಕಥನ ಕನ್ನಡದಲ್ಲಿ ಅಪರೂಪ. ಇದೇ ಸೀಮೆಯ ಮಲೆಯ ಮಾದಪ್ಪನ ಬೆಟ್ಟದಲ್ಲಿ ಬಾಡಿನ ಎಡೆ ಇಲ್ಲ. ಎರಡೂ ಕಡೆಗೆ ನಡೆದುಕೊಳ್ಳುವ ಒಕ್ಕಲು ಮಾತ್ರ ಇಲ್ಲಿ ಬೇಕಾದಷ್ಟಿದೆ.

ನಾಲಗೆಯ ಲೆಕ್ಕವೂ ಉಂಟು. ಈಚಲ ಹೆಂಡ ಬೆಳಗ್ಗೆ ಸಿಹಿ, ಹೊತ್ತೇರಿದಂತೆ ಹುಳಿ. ಆ ಹುಳಿ ಬಾಡಿನ ಜಿಡ್ಡನ್ನು ಕಡಿಯುತ್ತದೆ. ಕ್ರಿಸ್‌ಮಸ್ಸಿನ ಸುಟ್ಟ ಬಾತುಕೋಳಿಗೆ ಯುರೋಪಿನವರು ಹುಳಿ ಮುಂದಾದ ವೈನ್ ಆರಿಸುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ.

ಈ ಜೋಡಿಯನ್ನು ಕಾನೂನು ಎರಡು ಕಡೆಯಿಂದ ಹಿಡಿಯಿತು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಯಳಂದೂರು ಮೈಸೂರಿನದು. 1937ರ ಮದ್ರಾಸ್ ಪಾನನಿಷೇಧ ಕಾಯ್ದೆ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿದಾಗ ಕೊಳ್ಳೇಗಾಲದ ಹೆಂಡ ಅಪರಾಧವಾಯಿತು. ಕೆಲವೇ ಹರಿದಾರಿ ಆಚೆಯ ಯಳಂದೂರಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಪ್ರಾಣಿಬಲಿಯ ವಿರುದ್ಧ ಮೈಸೂರು 1948ರಲ್ಲಿ, ಮದ್ರಾಸು 1950ರಲ್ಲಿ ಕಾಯ್ದೆ ತಂದವು. ಏಕೀಕರಣದ ನಂತರ 1959ರಲ್ಲಿ ರಾಜ್ಯಕ್ಕೆಲ್ಲ ಒಂದೇ ಕಾಯ್ದೆ ಬಂತು.

ಈಚಿನ ವರ್ಷಗಳಲ್ಲಿ ಜಾತ್ರೆ ಹತ್ತಿರವಾದಂತೆ ಈ 1959ರ ಕಾಯ್ದೆಯೇ ವಿವಾದದ ನಡುವೆ ನಿಲ್ಲುತ್ತಿದೆ. ತಾವು ಗದ್ದುಗೆಯ ಮುಂದೆ ಬಲಿ ಕೊಡುವುದಿಲ್ಲ, ಬಿಡಾರದಲ್ಲಿ ಅಡುಗೆ ಮಾಡಿ ಹಂಚಿ ಉಣ್ಣುತ್ತೇವೆ ಎಂಬುದು ಒಕ್ಕಲಿನ ವಾದ. ಕಾವ್ಯವನ್ನು ಆಧಾರವಾಗಿಟ್ಟುಕೊಂಡು ನೋಡಿದರೆ ಈ ವಾದಕ್ಕೆ ತೂಕವಿದೆ: ಧರೆಗೆ ದೊಡ್ಡವರು ಕಲ್ಯಾಣದಲ್ಲಿ ಬೇಡಿದ್ದು ರಕ್ತವನ್ನಲ್ಲ, ಪಂಕ್ತಿಯಲ್ಲಿ ಜಾಗವನ್ನು.