ಹೈಬ್ರಿಡ್ ಕಾರಿನ ಟ್ರಾನ್ಸ್‌ಆಕ್ಸಲ್ ಎಣ್ಣೆ: ಮನೆಯಲ್ಲಿ ಬದಲಿಸುವ ಬಗೆ

ಎಂಜಿನ್ ಮತ್ತು ವಿದ್ಯುತ್ ಮೋಟರುಗಳ ಶಕ್ತಿಯನ್ನು ಕೂಡಿಸಿ ಚಕ್ರಗಳಿಗೆ ಮುಟ್ಟಿಸುವ ಗೇರುಪೆಟ್ಟಿಗೆಗೆ ಹೈಬ್ರಿಡ್ ಕಾರುಗಳಲ್ಲಿ ಟ್ರಾನ್ಸ್‌ಆಕ್ಸಲ್ ಎನ್ನುತ್ತಾರೆ. ಗೇರು, ಡಿಫರೆನ್ಷಿಯಲ್ ಮತ್ತು ಎರಡು ಮೋಟರ್-ಜನರೇಟರುಗಳು ಒಂದೇ ಅಲ್ಯೂಮಿನಿಯಂ ಕವಚದೊಳಗೆ ಕೂತಿರುತ್ತವೆ. ಅವೆಲ್ಲಕ್ಕೂ ಎಣ್ಣೆ ಒಂದೇ. ಗೇರುಗಳ ಸವಕಳಿ ತಡೆಯುವುದು, ಮೋಟರಿನ ತಾಮ್ರದ ಸುರುಳಿಯ ಕಾವು ಹೊತ್ತೊಯ್ಯುವುದು, ವಿದ್ಯುತ್ ಸೋರದಂತೆ ನಿರೋಧಕವಾಗಿ ನಿಲ್ಲುವುದು, ಮೂರೂ ಅದರದೇ ಕೆಲಸ. ಹಳೆಯ ಎಣ್ಣೆ ಇಳಿಸಿ ಹೊಸದು ತುಂಬುವುದು ಸಾಮಾನ್ಯ ಆಟೊಮ್ಯಾಟಿಕ್ ಕಾರಿಗಿಂತ ಹೈಬ್ರಿಡ್‌ನಲ್ಲಿ ಸುಲಭ. ಆದರೆ ಎಣ್ಣೆಯ ಜಾತಿ, ಬೋಲ್ಟು ಬಿಚ್ಚುವ ಕ್ರಮ, ತುಂಬುವ ಮಟ್ಟ, ಈ ಮೂರರಲ್ಲಿ ಒಂದು ತಪ್ಪಿದರೂ ಕೆಡುವುದು ಕಾರಿನ ಅತಿ ದುಬಾರಿ ಭಾಗಗಳಲ್ಲೊಂದು.

ಕರ್ನಾಟಕದ ಹೈಬ್ರಿಡ್‌ಗಳು

ಟೊಯೊಟಾ ಕಂಪನಿಯು ಪ್ರಿಯಸ್ ಕಾರನ್ನು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟಿತು. ಅದೇ ವರ್ಷ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಸ್ಥಾಪನೆಯಾಯಿತು. ಮುಂದೆ ಅದು ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಕಾರ್ಖಾನೆ ತೆರೆಯಿತು. 2010ರಲ್ಲಿ ಪ್ರಿಯಸ್ ಭಾರತಕ್ಕೆ ಬಂದದ್ದು ಆಮದಾಗಿ, ದೊಡ್ಡ ಸುಂಕ ಹೊತ್ತು. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಬಿಡದಿಯಲ್ಲೇ ಜೋಡಣೆಯಾಗತೊಡಗಿತು. ಮಧ್ಯಮ ವರ್ಗದ ಅಂಗಳಕ್ಕೆ ಹೈಬ್ರಿಡ್ ಬಂದದ್ದು 2022ರಿಂದ ಈಚೆಗೆ: ಆ ವರ್ಷ ಅರ್ಬನ್ ಕ್ರೂಸರ್ ಹೈರೈಡರ್, ಅದರ ಜೋಡಿಯಾದ ಮಾರುತಿ ಗ್ರ್ಯಾಂಡ್ ವಿಟಾರ, ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್. ಮೂರೂ ಬಿಡದಿಯಲ್ಲಿ ತಯಾರಾದವು. ಅದೇ ವರ್ಷದ ಮೇ ತಿಂಗಳಲ್ಲಿ ಟೊಯೊಟಾ ಸಮೂಹ ರಾಜ್ಯ ಸರ್ಕಾರದೊಂದಿಗೆ 4,800 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದ ಮಾಡಿಕೊಂಡಿತು. ವಿದ್ಯುತ್ ಚಾಲನೆಯ ಬಿಡಿಭಾಗಗಳನ್ನು ಇಲ್ಲಿಯೇ ಮಾಡುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಹೋಂಡಾ ಸಿಟಿ ಇ:ಎಚ್‌ಇವಿ ಕೂಡ 2022ರದೇ. ಅದರ ತಯಾರಿ ರಾಜಸ್ಥಾನದಲ್ಲಿ.

‘ಸ್ಮಾರ್ಟ್ ಹೈಬ್ರಿಡ್’ ಎಂಬ ಬಿಲ್ಲೆ ಹೊತ್ತ ಸಿಯಾಜ್, ಎರ್ಟಿಗಾ, ಬ್ರೆಝಾ ಮಾದರಿಗಳಿಗೆ ಈ ಲೇಖನ ಅನ್ವಯಿಸದು. ಅವುಗಳಲ್ಲಿ ಬೆಲ್ಟಿನಿಂದ ತಿರುಗುವ ಒಂದು ಸಣ್ಣ ಮೋಟರು ಎಂಜಿನ್ನಿಗೆ ನೆರವಾಗುತ್ತದೆ, ಅಷ್ಟೇ. ಗೇರುಪೆಟ್ಟಿಗೆ ಎಂದಿನ ಮ್ಯಾನ್ಯುವಲ್ ಅಥವಾ ಆಟೊಮ್ಯಾಟಿಕ್. ಎಣ್ಣೆಯೂ ಅದಕ್ಕೆ ತಕ್ಕದ್ದು.

ಪೆಟ್ಟಿಗೆಯೊಳಗಿನ ವ್ಯವಸ್ಥೆ

ಟೊಯೊಟಾ ವಿನ್ಯಾಸದ ಹೃದಯ ಒಂದು ಗ್ರಹ ಗೇರು. ನಡುವೆ ಸೂರ್ಯ ಗೇರು, ಸುತ್ತ ಗ್ರಹ ಗೇರುಗಳು, ಹೊರಗೆ ಒಳಹಲ್ಲಿನ ಬಳೆ ಗೇರು. ಎಂಜಿನ್ ಗ್ರಹಗಳ ಚೌಕಟ್ಟನ್ನು ತಿರುಗಿಸುತ್ತದೆ. ಸೂರ್ಯನಿಗೆ ಮೊದಲ ಮೋಟರ್-ಜನರೇಟರ್ ಅಂಟಿದೆ. ಬಳೆಯಿಂದ ಚಕ್ರಗಳಿಗೆ ದಾರಿ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಸೂರ್ಯನಿಗೆ 30 ಹಲ್ಲು, ಬಳೆಗೆ 78. ಹಾಗಾಗಿ ಎಂಜಿನ್ನಿನ ತಿರುಚುಬಲದಲ್ಲಿ ನೂರಕ್ಕೆ ಸುಮಾರು 72 ಪಾಲು ನೇರ ಚಕ್ರಗಳ ಕಡೆಗೂ 28 ಪಾಲು ಜನರೇಟರಿನ ಕಡೆಗೂ ಹೋಗುತ್ತದೆ. ಜನರೇಟರಿನ ವೇಗವನ್ನು ಕಂಪ್ಯೂಟರ್ ಏರಿಳಿಸುತ್ತಿದ್ದಂತೆ ಗೇರಿನ ಅನುಪಾತ ತಾನಾಗಿ ಬದಲಾಗುತ್ತದೆ. ಹಲ್ಲುಗಳು ಸದಾ ಕೂಡಿಯೇ ಇರುತ್ತವೆ. ಟಾರ್ಕ್ ಕನ್ವರ್ಟರ್ ಇಲ್ಲ, ಕ್ಲಚ್ ಪ್ಲೇಟುಗಳಿಲ್ಲ, ಸಿವಿಟಿ ಗೇರುಪೆಟ್ಟಿಗೆಯ ಉಕ್ಕಿನ ಪಟ್ಟಿಯೂ ಇಲ್ಲ.

ಇದರ ಮೊದಲ ಲಾಭ: ಕ್ಲಚ್ಚಿನ ಸವೆದ ಪುಡಿ ಎಣ್ಣೆಗೆ ಸೇರುವುದಿಲ್ಲ. ಹಾಗೆಂದು ಎಣ್ಣೆ ಕೆಡುವುದೇ ಇಲ್ಲ ಎಂದುಕೊಳ್ಳುವುದು ತಪ್ಪು. ಹೊಸ ಕಾರಿನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ನವುರಾದ ಲೋಹದ ಪುಡಿ ಉದುರುತ್ತದೆ. ಎರಡನೇ ತಲೆಮಾರಿನ ಪ್ರಿಯಸ್‌ನ ಮೊದಲ ಮೋಟರ್ ನಿಮಿಷಕ್ಕೆ 10,000 ಸುತ್ತಿನವರೆಗೂ ತಿರುಗಬಲ್ಲದು. ಬೇರಿಂಗುಗಳ ಮೇಲಿನ ಭಾರ ಕಡಿಮೆಯದಲ್ಲ. ಲೋಹದ ಪುಡಿಯೂ ತೇವವೂ ಸೇರಿದ ಎಣ್ಣೆಯ ನಿರೋಧಕ ಗುಣ ಕುಗ್ಗುತ್ತದೆ. ಸುರುಳಿಗಳ ನಡುವೆ ನೂರಾರು ವೋಲ್ಟ್ ಇರುವ ಜಾಗದಲ್ಲಿ ಅದನ್ನು ಲಘುವಾಗಿ ಕಾಣಲಾಗದು.

ಯಾವಾಗ ಬದಲಿಸಬೇಕು

ಹಲವು ಮಾದರಿಗಳ ಸಾಮಾನ್ಯ ಸರ್ವಿಸ್ ಪಟ್ಟಿಯಲ್ಲಿ ಈ ಎಣ್ಣೆಗೆ ‘ಪರೀಕ್ಷಿಸಿ’ ಎಂದಷ್ಟೇ ಇರುತ್ತದೆ. ಇದರಿಂದಲೇ ‘ಆಯುಷ್ಯಪೂರ್ತಿ ಎಣ್ಣೆ’ ಎಂಬ ಮಾತು ಹುಟ್ಟಿತು. ಆದರೆ ಅಮೆರಿಕದ ಟೊಯೊಟಾ ಪಟ್ಟಿಗಳು ಭಾರ ಹೇರಿ, ಟ್ರೇಲರ್ ಎಳೆದು ಓಡಿಸುವವರಿಗೆ 60,000 ಮೈಲಿಗೆ, ಅಂದರೆ ಸುಮಾರು 96,000 ಕಿಲೋಮೀಟರಿಗೆ, ಬದಲಿಸಲು ಹೇಳುತ್ತವೆ. ಬೇಸಿಗೆಯಲ್ಲಿ ಕಾವು 40 ಡಿಗ್ರಿ ದಾಟುವ ವಿಜಯಪುರದಲ್ಲಿ, ಏಳೆಂಟು ಜನ ಹಾಗೂ ಮೇಲಿನ ಕ್ಯಾರಿಯರ್ ತುಂಬ ಸಾಮಾನು ಹೇರಿಕೊಂಡು ಸೋಲಾಪುರಕ್ಕೋ ಹುಬ್ಬಳ್ಳಿಗೋ ಓಡುವ ಹೈಕ್ರಾಸನ್ನು ಕಠಿಣ ಬಳಕೆಯ ಕಾರೆಂದೇ ಲೆಕ್ಕ ಹಿಡಿಯಬೇಕು. ಒಂದು ಲಕ್ಷ ಕಿಲೋಮೀಟರಿನೊಳಗೆ ಒಮ್ಮೆ ಬದಲಿಸುವುದು ಇಲ್ಲಿಗೆ ಸರಿಯಾದ ರೂಢಿ. ಗೇರು ಹೊಂದಿಕೊಳ್ಳುವಾಗ ಉದುರಿದ ಪುಡಿಯನ್ನು ಹೊರಹಾಕಲು ಮೊದಲ ಬದಲಾವಣೆಯನ್ನು ಇನ್ನೂ ಬೇಗ ಮಾಡಿದರೆ ಒಳ್ಳೆಯದೇ.

ವಾರಂಟಿಯ ಅವಧಿಯಲ್ಲಿ ಮಾತ್ರ ಕೈ ಹಾಕಬಾರದು. ಟೊಯೊಟಾ ಭಾರತದಲ್ಲಿ ಕಾರಿಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ. ಕಾರಿನ ವಾರಂಟಿ ಮುಗಿಯುವ ಮುನ್ನ ಈ ಕೆಲಸವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲೇ ಮಾಡಿಸಿ ರಸೀದಿ ಇಟ್ಟುಕೊಳ್ಳುವುದು ಜಾಣತನ.

ಎಣ್ಣೆಯ ಆಯ್ಕೆ

ಬಹುಪಾಲು ಟೊಯೊಟಾ ಹೈಬ್ರಿಡ್‌ಗಳಿಗೆ ನಿಗದಿಯಾದದ್ದು ಎಟಿಎಫ್ ಡಬ್ಲ್ಯುಎಸ್ ಎಂಬ ಕೆಂಪು ಬಣ್ಣದ, ತೀರ ತೆಳು ಎಣ್ಣೆ. 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ 5 ಸೆಂಟಿಸ್ಟೋಕ್‌ಗಿಂತ ತುಸು ಹೆಚ್ಚು. ಮೊದಲ ತಲೆಮಾರಿನ ಪ್ರಿಯಸ್‌ಗೆ ಟೈಪ್ ಟಿ-ಫೋರ್ ಎಂಬ ಹಳೆಯ ಎಣ್ಣೆ. ಹೊಸ ತಲೆಮಾರಿನ ಕೆಲವು ಟ್ರಾನ್ಸ್‌ಆಕ್ಸಲ್‌ಗಳಿಗೆ ಇ-ಟ್ರಾನ್ಸ್‌ಆಕ್ಸಲ್ ಫ್ಲೂಯಿಡ್ ಟಿಇ ಎಂಬ ಬೇರೆಯದೇ ಎಣ್ಣೆ ಬಂದಿದೆ. ಹೋಂಡಾದ ಎರಡು ಮೋಟರಿನ ಹೈಬ್ರಿಡ್‌ಗೆ ಎಟಿಎಫ್ ಡಿಡಬ್ಲ್ಯು-1. ಯಾವ ಕಾರಿಗೆ ಯಾವುದೆಂಬುದಕ್ಕೆ ಕೈಪಿಡಿಯ ಕೊನೆಯ ಪುಟಗಳ ಕೋಷ್ಟಕವೊಂದೇ ಪ್ರಮಾಣ. ಅಂಗಡಿಯವರ ‘ನಡೀತದ’ ಎಂಬ ಭರವಸೆಯನ್ನು ಇಲ್ಲಿ ಒಪ್ಪಬಾರದು.

ಎರಡು ತಪ್ಪುಗಳು ಪದೇ ಪದೇ ಆಗುವಂಥವು. ಜಾಹೀರಾತಿನಲ್ಲಿ ‘ಇ-ಸಿವಿಟಿ’ ಎಂದಿರುವುದನ್ನು ಕಂಡು ಸಿವಿಟಿ ಎಣ್ಣೆ ತರುವುದು ಒಂದು. ಸಿವಿಟಿ ಎಣ್ಣೆಯನ್ನು ಉಕ್ಕಿನ ಪಟ್ಟಿ ಜಾರದಂತೆ ಹಿಡಿಯಲು ರೂಪಿಸಿರುತ್ತಾರೆ. ಹೈಬ್ರಿಡ್‌ನೊಳಗೆ ಅಂಥ ಪಟ್ಟಿಯೇ ಇಲ್ಲ. ಇನ್ನೊಂದು ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಗಳಿಗೆ ಹತ್ತಿರದ್ದು. ಟಿಕೋಟಾದ ದ್ರಾಕ್ಷಿ ತೋಟದಲ್ಲಿ, ಬಬಲೇಶ್ವರ ಭಾಗದ ಕಬ್ಬಿನ ಹೊಲದಲ್ಲಿ ಟ್ರ್ಯಾಕ್ಟರ್ ಇಟ್ಟವರ ಮನೆಯ ಪಡಸಾಲೆಯ ಮೂಲೆಗೆ ಗೇರು-ಹೈಡ್ರಾಲಿಕ್ ಎಣ್ಣೆಯ ಡಬ್ಬಿ ಇದ್ದೇ ಇರುತ್ತದೆ. ಅದು ಟ್ರ್ಯಾಕ್ಟರಿನ ದಪ್ಪ ಗೇರಿಗೂ ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೂ ಆದದ್ದು. ಹೈಬ್ರಿಡ್‌ಗೆ ಅದರ ಒಂದು ಲೋಟವನ್ನೂ ಬೆರೆಸಬಾರದು.

ಕೆಲಸದ ಕ್ರಮ

ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಂಥ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಎಣ್ಣೆಯನ್ನು ಮನೆ ಮುಂದೆಯೇ ಬದಲಿಸುತ್ತಾರೆ. ಪಾನಾ ಹಿಡಿದು ಪಳಗಿದ ಕೈಗೆ ಇಲ್ಲಿ ಕೊರತೆಯಿಲ್ಲ. ಆದರೆ ಟ್ರ್ಯಾಕ್ಟರ್ ಎತ್ತರದಲ್ಲಿರುತ್ತದೆ, ಕಾರಿನ ಕೆಳಗೆ ಮಲಗಿ ನುಗ್ಗಬೇಕು. ಎರೆ ನೆಲದ ಮೇಲೆ ಜಾಕ್ ಏರಿಸುವುದು ಜೀವಕ್ಕೆ ಅಪಾಯ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬಿರುಕು ಬಿಟ್ಟ ಮಣ್ಣು ಭಾರಕ್ಕೆ ಕುಸಿಯುತ್ತದೆ. ಕಾಂಕ್ರೀಟ್ ಅಂಗಳ ಬೇಕು. ಶಹಾಬಾದ್ ಫರಸಿ ಹಾಸಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಇಡಬೇಕು. ಅಂಚಿನಲ್ಲಿ ಭಾರ ಬಿದ್ದರೆ ಫರಸಿ ಒಡೆಯುತ್ತದೆ. ಜಾಕ್ ಬರೀ ಎತ್ತುವುದಕ್ಕೆ. ಕಾರು ನಿಲ್ಲುವುದು ಸ್ಟ್ಯಾಂಡುಗಳ ಮೇಲೆ, ನಾಲ್ಕೂ ಕಡೆ ಒಂದೇ ಎತ್ತರಕ್ಕೆ. ಎಣ್ಣೆಯ ಮಟ್ಟ ಅಳೆಯುವುದು ತುಂಬುವ ತೂತಿನಿಂದ ಸುರಿಯುವಿಕೆ ನೋಡಿ. ಮುಂಭಾಗ ಮಾತ್ರ ಎತ್ತಿದ್ದರೆ ಲೆಕ್ಕ ತಪ್ಪುತ್ತದೆ.

ಮೊದಲು ಕಾರನ್ನು ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾಗಿಸಬೇಕು. ಆಮೇಲೆ ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪವರ್ ಆಫ್ ಮಾಡಿ ‘ರೆಡಿ’ ದೀಪ ಆರಿದ್ದನ್ನು ಕಣ್ಣಾರೆ ಕಾಣಬೇಕು. ರೆಡಿ ಇದ್ದ ಹೈಬ್ರಿಡ್ ಸದ್ದಿಲ್ಲದೆ ನಿಂತಿದ್ದು ಯಾವ ಗಳಿಗೆಯಲ್ಲೂ ಎಂಜಿನ್ ಚಾಲೂ ಮಾಡಿಕೊಳ್ಳಬಹುದು. ಕೀಲಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳದೆ ಮನೆಯೊಳಗೆ ಇಟ್ಟು ಬರಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ದೂರ. ಎರಡನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿ 201.6 ವೋಲ್ಟ್, ಇನ್ವರ್ಟರ್ ಅದನ್ನು 500 ವೋಲ್ಟಿನವರೆಗೆ ಏರಿಸುತ್ತದೆ. ಎಣ್ಣೆ ಬದಲಿಸಲು ಆ ಕೇಬಲ್ ಮುಟ್ಟುವ ಅಗತ್ಯವೇ ಬೀಳದು.

ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಟ್ರಾನ್ಸ್‌ಆಕ್ಸಲ್ ಕಾಣುತ್ತದೆ. ಪಕ್ಕದಲ್ಲಿ, ತುಸು ಮೇಲೆ ಇರುವುದು ತುಂಬುವ ಬೋಲ್ಟು; ತಳದಲ್ಲಿರುವುದು ಇಳಿಸುವ ಬೋಲ್ಟು. ಸಾಮಾನ್ಯವಾಗಿ 10 ಮಿಲಿಮೀಟರ್ ಆಲನ್ ಕೀ ಅಥವಾ 24ರ ಪಾನಾ ಹಿಡಿಯುತ್ತದೆ. ತುಂಬುವ ಬೋಲ್ಟನ್ನೇ ಮೊದಲು ಸಡಿಲಿಸಬೇಕು. ವರ್ಷಗಟ್ಟಲೆ ಬಿಗಿದು ಕೂತ ಅದು ಬಿಚ್ಚದೇ ಹೋದರೆ, ಅಷ್ಟರಲ್ಲಿ ಹಳೆ ಎಣ್ಣೆ ಇಳಿಸಿಬಿಟ್ಟಿದ್ದರೆ, ಕಾರು ಅಂಗಳದಲ್ಲೇ ಉಳಿಯುತ್ತದೆ. ಎಣ್ಣೆಯಿಲ್ಲದೆ ಎಂಜಿನ್ ಚಾಲೂ ಮಾಡುವಂತಿಲ್ಲ, ಮುಂದಿನ ಚಕ್ರ ನೆಲಕ್ಕಿಟ್ಟು ಎಳೆದೊಯ್ಯುವಂತೆಯೂ ಇಲ್ಲ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಇನ್ವರ್ಟರ್ ಕೂಲಂಟ್ ಇಳಿಸುವ ಬೋಲ್ಟೂ ಅಲ್ಲೇ ಹತ್ತಿರದಲ್ಲಿದೆ. ಚಿತ್ರದೊಂದಿಗೆ ಹೋಲಿಸಿ ನೋಡದೆ ಯಾವುದನ್ನೂ ತಿರುಗಿಸಬಾರದು.

ತಳದ ಬೋಲ್ಟು ತೆಗೆದಾಗ ಎಣ್ಣೆ ಮೊದಲು ಓರೆಯಾಗಿ ಚಿಮ್ಮಿ, ನಂತರ ನೇರ ಧಾರೆಯಾಗಿ, ಕೊನೆಗೆ ಹನಿಯಾಗಿ ಇಳಿಯುತ್ತದೆ. ಅಳತೆಯ ಗೆರೆಯಿರುವ ಡಬ್ಬಿಯಲ್ಲೇ ಹಿಡಿಯಬೇಕು, ಎಷ್ಟು ಇಳಿಯಿತೋ ಹೆಚ್ಚುಕಮ್ಮಿ ಅಷ್ಟೇ ಒಳಗೆ ಹೋಗಬೇಕು. ಕೆಂಪು ಮಾಸಿ ಕಂದು ಅಥವಾ ಕಪ್ಪಾಗಿರುವುದು ಸಹಜ. ಬೆರಳಿಗೆ ಹತ್ತುವ ಬೂದು ಬಣ್ಣದ ನುಣುಪು ಕೆಸರೂ ಗಾಬರಿ ಪಡುವಂಥದ್ದಲ್ಲ. ಕಣ್ಣಿಗೆ ಕಾಣುವ ಲೋಹದ ಚೂರು, ಸುಟ್ಟ ವಾಸನೆ, ಹಾಲು ಬೆರೆತಂಥ ಬಣ್ಣ, ಇವುಗಳಲ್ಲಿ ಯಾವುದು ಕಂಡರೂ ಹೊಸ ಎಣ್ಣೆ ಸುರಿದು ಸುಮ್ಮನಾಗಬಾರದು. ಒಳಗೆ ಬೇರಿಂಗ್ ಸವೆದಿರಬಹುದು, ಕೂಲಂಟ್ ಸೇರಿರಬಹುದು. ತಜ್ಞ ಮೆಕ್ಯಾನಿಕ್‌ಗೆ ಆ ಎಣ್ಣೆಯನ್ನೇ ತೋರಿಸಬೇಕು.

ಇಳಿಸುವ ಬೋಲ್ಟಿಗೆ ಹೊಸ ವಾಷರ್ ಹಾಕಿ, ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎರಡನೇ ತಲೆಮಾರಿನ ಪ್ರಿಯಸ್‌ಗೆ ಹೇಳಿರುವುದು 39 ನ್ಯೂಟನ್-ಮೀಟರ್. ಕವಚ ಅಲ್ಯೂಮಿನಿಯಮ್ಮಿನದು, ಟ್ರ್ಯಾಕ್ಟರಿಗೆ ಹಾಕುವ ಜೋರು ಹಾಕಿದರೆ ಆಟೆ ಕಿತ್ತುಬರುತ್ತದೆ. ತುಂಬುವ ತೂತಿಗೆ ಬಾನೆಟ್ಟಿನ ಕಡೆಯಿಂದ ಉದ್ದನೆಯ ಪಾರದರ್ಶಕ ನಳಿಕೆ ಇಳಿಸಿ, ಮೇಲೆ ಆಲಿಕೆ ಇಟ್ಟು, ನಿಧಾನ ಸುರಿಯಬೇಕು. ಎರೆ ನಾಡಿನ ಗಾಳಿಯಲ್ಲಿ ಧೂಳು ಸದಾ ಇರುವುದರಿಂದ ಆಲಿಕೆ, ನಳಿಕೆ ತೊಳೆದು ಒಣಗಿಸಿರಬೇಕು; ಗಾಳಿ ಬೀಸುವ ಸಂಜೆಗಿಂತ ಬೆಳಗಿನ ಹೊತ್ತು ಅನುಕೂಲ. ಎರಡನೇ ತಲೆಮಾರಿನ ಪ್ರಿಯಸ್‌ಗೆ ಸುಮಾರು 3.8 ಲೀಟರ್ ಹಿಡಿಯುತ್ತದೆ. ಬೇರೆ ಮಾದರಿಗಳಿಗೆ ಕೈಪಿಡಿಯ ಅಂಕಿ. ತೂತಿನ ಕೆಳ ಅಂಚಿನಿಂದ ಎಣ್ಣೆ ಹೊರಗೆ ಸುರಿಯತೊಡಗಿದಾಗ ನಿಲ್ಲಿಸಿ, ಹನಿಯುವುದು ನಿಲ್ಲುವವರೆಗೆ ಕಾದು, ಬೆರಳು ಬಗ್ಗಿಸಿ ಮುಟ್ಟಿ ನೋಡಬೇಕು. ಮಟ್ಟ ಅಂಚಿಗೆ ಸರಿಸಮ ಇರಬೇಕು, ಕೆಳಗಿದ್ದರೂ 10 ಮಿಲಿಮೀಟರ್‌ಗಿಂತ ಹೆಚ್ಚು ಕೆಳಗಿರಬಾರದು. ಮೇಲಿನ ಬೋಲ್ಟಿಗೂ ಹೊಸ ವಾಷರ್ ಹಾಕಿ ಬಿಗಿದು, ಊರೊಳಗೆ ನಾಲ್ಕಾರು ಕಿಲೋಮೀಟರ್ ಓಡಿಸಿ ಬಂದು ಕೆಳಗೆ ರಟ್ಟು ಹಾಸಿ ಸೋರಿಕೆ ನೋಡಿದರೆ ಕೆಲಸ ಆದಂತೆ.

ಯಂತ್ರ ಹಚ್ಚಿ ‘ಫ್ಲಶ್’ ಮಾಡಿಸುವುದು ಹೈಬ್ರಿಡ್‌ಗೆ ಬೇಡ. ತೊಳೆಯಬೇಕಾದ ಟಾರ್ಕ್ ಕನ್ವರ್ಟರಾಗಲಿ ವಾಲ್ವ್ ಬಾಡಿಯಾಗಲಿ ಇದರಲ್ಲಿ ಇಲ್ಲ.

ಇಳಿಸಿದ ಎಣ್ಣೆ

ಬಳಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪಟ್ಟಿಮಾಡಿವೆ. 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯುವುದು, ಬಂಡಿಯ ಗಾಲಿಗೆ ಕೀಲೆಣ್ಣೆಯಾಗಿ ಹಚ್ಚುವುದು, ಉಳಿದದ್ದನ್ನು ಬದುವಿನ ಮೇಲೆ ಚೆಲ್ಲುವುದು ಹಳ್ಳಿಗಳಲ್ಲಿ ನಡೆದುಬಂದ ರೂಢಿ. ನೀರಿಗಾಗಿ ನೂರಾರು ಅಡಿ ಕೊರೆಯುವ ಈ ಸೀಮೆಯಲ್ಲಿ ಆ ರೂಢಿ ಬಿಡಲೇಬೇಕು. ಹೊಸ ಎಣ್ಣೆ ಬಂದ ಡಬ್ಬಿಯಲ್ಲೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಬಳಸಿದ ಎಣ್ಣೆ ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ. ಬದಲಿಸಿದ ತಾರೀಖು, ಓಡಿದ ಕಿಲೋಮೀಟರು, ಎಣ್ಣೆಯ ಹೆಸರನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.