ಗಾಳಿಯ ಮರೆ

ಸೈಕಲ್ ತುಳಿದು ಬಲ್ಲವರಿಗೆಲ್ಲ ಒಂದು ಸಂಗತಿ ಗೊತ್ತು. ದಾರಿಯ ಏರು ಕಣ್ಣಿಗೆ ಕಾಣುತ್ತದೆ, ಎದುರುಗಾಳಿ ಕಾಣುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಸಾಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಅವನ ಹಿಂದಿನ ಗಾಲಿಗೆ ಅಂಟಿಕೊಂಡಂತೆ ಬರುವವನಿಗೆ ಆ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿತಾಯ. ಹೀಗೆ ಇನ್ನೊಬ್ಬನ ಬೆನ್ನ ಮರೆಯಲ್ಲಿ ಸಾಗುವುದು ಮೋಸವೋ, ಜಾಣತನವೋ, ಅಥವಾ ಅದಕ್ಕೂ ಒಂದು ಧರ್ಮವುಂಟೋ? ಹವ್ಯಾಸಿ ಸೈಕಲ್ ಪಂದ್ಯಗಳ ಚರಿತ್ರೆಯನ್ನು ಈ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯಾಗಿಯೂ ಓದಬಹುದೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನ ಉತ್ತರ ಕಟ್ಟುನಿಟ್ಟಾದದ್ದು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿನ ನ್ಯಾಷನಲ್ ಸೈಕ್ಲಿಸ್ಟ್ಸ್ ಯೂನಿಯನ್, ಪೊಲೀಸರ ಮುನಿಸಿಗೆ ಅಂಜಿ, ರಸ್ತೆಯ ಪಂದ್ಯಗಳಿಂದ ದೂರ ಸರಿಯಿತು. 1895ರಲ್ಲಿ ಎಫ್. ಟಿ. ಬಿಡ್‌ಲೇಕ್ ಎಂಬವರು ಸವಾರರನ್ನು ಒಬ್ಬೊಬ್ಬರಾಗಿ, ನಡುವೆ ಅಂತರವಿರಿಸಿ, ಗಡಿಯಾರದೊಡನೆ ಸೆಣಸಲು ಬಿಡುವ ಕ್ರಮವನ್ನು ಆರಂಭಿಸಿದರು. ಅಲ್ಲಿ ಮುಂದಿನವನ ಮರೆ ಪಡೆಯುವುದೇ ಅಪರಾಧ. 1942ರ ಜೂನ್ 7ರಂದು ಪರ್ಸಿ ಸ್ಟ್ಯಾಲರ್ಡ್ ಎಂಬಾತ ವೇಲ್ಸ್ ಪ್ರಾಂತ್ಯದ ಲ್ಯಾಂಗೊಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್ನಿನವರೆಗೆ ಎಲ್ಲರೂ ಒಟ್ಟಿಗೆ ಹೊರಡುವ ಪಂದ್ಯವೊಂದನ್ನು ನಡೆಸಿದಾಗ ಯೂನಿಯನ್ ಆತನನ್ನು ಅಮಾನತುಗೊಳಿಸಿತು. ಅದೇ ವರ್ಷ ಬೇರೊಂದು ಸಂಘವೇ ಹುಟ್ಟಿತು. ಬಣಗಳೆರಡೂ ಒಂದಾದದ್ದು 1959ರಲ್ಲಿ.

ಕಡಲಿನ ಆಚೆ ದಡದ ಹಾಲೆಂಡ್, ಬೆಲ್ಜಿಯಂಗಳ ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಅಲ್ಲಿನವರು ಮರೆಯನ್ನು ನಿಷೇಧಿಸಲಿಲ್ಲ. ಅದನ್ನೊಂದು ವ್ಯೂಹವಾಗಿ ಬೆಳೆಸಿದರು. ಗಾಳಿ ಎದುರಿನಿಂದ ಬಂದರೆ ಮರೆ ನೇರ ಬೆನ್ನ ಹಿಂದೆ ಇರುತ್ತದೆ. ಎಡದಿಂದ ಬೀಸಿದರೆ ಅದು ಬಲಕ್ಕೆ ಓರೆಯಾಗಿ ಸರಿಯುತ್ತದೆ. ಆಗ ಸವಾರರು ರಸ್ತೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ ಓರೆಸಾಲಾಗಿ ಹರಡಿಕೊಳ್ಳುತ್ತಾರೆ. ಡಚ್ಚರು ಈ ಸಾಲಿಗೆ ಕೊಟ್ಟ ಹೆಸರಿನ ಅರ್ಥ ಬೀಸಣಿಗೆ! ಆದರೆ ರಸ್ತೆಯ ಅಗಲಕ್ಕೆ ಮಿತಿಯುಂಟು. ಹತ್ತು ಹನ್ನೆರಡು ಮಂದಿಗೆ ಬೀಸಣಿಗೆ ತುಂಬಿದರೆ, ಉಳಿದವರು ಅಂಚಿನಲ್ಲಿ ಮರೆಯಿಲ್ಲದೆ ಒಬ್ಬರ ಹಿಂದೊಬ್ಬರು ಬಳಲುತ್ತ, ಕೊಂಡಿ ಕಳಚಿದಂತೆ ಹಿಂದುಳಿಯುತ್ತಾರೆ. ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಗಾದೆಯನ್ನು ಚತುರ ತಂಡಗಳು ಅಕ್ಷರಶಃ ಪಾಲಿಸುತ್ತವೆ. ರಸ್ತೆ ತಿರುಗಿ ಎದುರುಗಾಳಿ ಅಡ್ಡಗಾಳಿಯಾಗುವ ತಾವನ್ನು ಮೊದಲೇ ಗುರುತಿಸಿ, ತಮ್ಮವರನ್ನೆಲ್ಲ ಮುಂದಕ್ಕೆ ತಂದು, ಅಲ್ಲಿಯೇ ಒಮ್ಮೆಲೆ ವೇಗ ಹೆಚ್ಚಿಸುತ್ತವೆ. ಕಾಳು ಉಳಿಯುತ್ತದೆ, ಹೊಟ್ಟು ಹಾರುತ್ತದೆ.

ಈ ಬೀಸಣಿಗೆಯೊಳಗೂ ಒಂದು ನೀತಿಯುಂಟು. ಮುಂದೆ ನಿಂತು ಗಾಳಿಗೆ ಎದೆಯೊಡ್ಡುವ ಸರದಿ ಎಲ್ಲರದೂ. ಎದುರಾಳಿಯೊಡನೆಯೂ ಅದನ್ನು ಹಂಚಿಕೊಳ್ಳಬೇಕು. ಸರದಿ ತಪ್ಪಿಸುವವನನ್ನು ಯಾರೂ ಗೌರವಿಸುವುದಿಲ್ಲ. ಆದರೆ ತನ್ನ ತಂಡದವನೊಬ್ಬ ಮುಂದೆ ಹೋಗಿದ್ದರೆ, ಅವನನ್ನು ಬೆನ್ನಟ್ಟುವ ಕೆಲಸಕ್ಕೆ ಹೆಗಲು ಕೊಡದಿರುವುದೇ ಧರ್ಮ.

ಈ ಹಂಚಿಕೆ ಅತ್ಯಂತ ಶುದ್ಧವಾಗಿ ಕಂಡದ್ದು ನಾಲ್ವರ ತಂಡಗಳು ಗಡಿಯಾರದೊಡನೆ ಸೆಣಸುತ್ತಿದ್ದ ಸುಮಾರು 100 ಕಿಲೋಮೀಟರಿನ ಪಂದ್ಯದಲ್ಲಿ. 1960ರಿಂದ 1992ರವರೆಗೆ ಅದು ಒಲಿಂಪಿಕ್ಸ್‌ನಲ್ಲಿತ್ತು. ಸ್ವೀಡನ್ನಿನ ಯೋಸ್ತಾ, ಸ್ಟೂರೆ, ಎರಿಕ್, ಥಾಮಸ್ ಎಂಬ ಪೆಟರ್‌ಸನ್ ಸಹೋದರರು 1967, 1968, 1969ರಲ್ಲಿ ಸತತವಾಗಿ ಹವ್ಯಾಸಿಗಳ ವಿಶ್ವ ಪ್ರಶಸ್ತಿ ಗೆದ್ದರು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಮಾತ್ರ ಹಾಲೆಂಡಿನವರು ಮೊದಲಿಗರಾದರು, ಸಹೋದರರಿಗೆ ಬೆಳ್ಳಿ ದಕ್ಕಿತು. ಅವರಲ್ಲಿ ಯೋಸ್ತಾ ಮುಂದೆ ವೃತ್ತಿಪರನಾಗಿ 1971ರಲ್ಲಿ ಇಟಲಿಯ ಮಹಾಪಂದ್ಯವನ್ನೇ ಗೆದ್ದವನು.

ಆ ಪಂದ್ಯದ ಒಂದು ನಿಯಮ ನನ್ನನ್ನು ಬಹುವಾಗಿ ಆಕರ್ಷಿಸಿದೆ. ತಂಡದ ಕಾಲವೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದುದು ಮೊದಲನೆಯವನದನ್ನಲ್ಲ, ಗೆರೆ ದಾಟಿದ ಮೂರನೆಯವನದನ್ನು. ಬಲಶಾಲಿಯು ಉಳಿದವರನ್ನು ಬಿಟ್ಟು ಓಡಿದರೆ ಫಲವಿಲ್ಲ. ಆದ್ದರಿಂದ ಅವನು ವೇಗ ಏರಿಸುವ ಬದಲು ಗಾಳಿಯ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ದಣಿದವನು ತನ್ನ ಸರದಿಯನ್ನು ಮೊಟಕುಗೊಳಿಸುತ್ತಿದ್ದ. ಒಂಟಿ ಸವಾರನ ಪೌರುಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮರೆ ಪಡೆಯುವುದರಲ್ಲಿ ದೋಷವಿಲ್ಲ, ಮರೆಯಾಗಲು ಒಪ್ಪದಿರುವುದರಲ್ಲಿ ಮಾತ್ರ ದೋಷವಿದೆ ಎಂಬ ಉತ್ತರವೇ ನನಗೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ.