ಜಟಕಾ, ಬಂಡಿ, ಸಾಹೇಬ

ಜಟಕಾ ಎಂದರೆ ನಮಗೆ ಕುದುರೆಗಾಡಿ. ಹಿಂದಿ, ಮರಾಠಿಗಳಲ್ಲಿ ‘ಝಟಕಾ’ ಗಾಡಿಯಲ್ಲ. ಥಟ್ಟನೆಯ ಎಳೆತ, ಏಟು, ಕುಲುಕು. ನಮ್ಮ ‘ಝಟ್ಟನೆ’ಯಲ್ಲಿ ಕೇಳುವ ಸದ್ದೇ ಅದರಲ್ಲೂ ಇದೆ. ದಖನಿ ಮಾತಾಡುವವರ ನಾಲಗೆಯ ಮೇಲೆ ದಕ್ಷಿಣಕ್ಕೆ ಬಂದ ಪದ ಇಲ್ಲಿ ವಾಹನದ ಹೆಸರಾಯಿತು. ಕನ್ನಡದ ಬಾಯಲ್ಲಿ ಮಹಾಪ್ರಾಣ ಸವೆದು ‘ಜಟಕಾ’ ಉಳಿಯಿತು.

ಹೆಸರಿಗೆ ತಕ್ಕ ಗಾಡಿ. ಎರಡೇ ಗಾಲಿ, ಕಮಾನಿನ ಮುಸುಕು. ಆಸನವಿಲ್ಲ, ಹುಲ್ಲಿನ ಮೇಲೊಂದು ಚಾಪೆ. ಹಿಂದಿನಿಂದ ಹತ್ತಿ ಕಾಲು ಮಡಚಿ ಕೂರಬೇಕು. ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಕುದುರೆಗೆ ಹೊರೆ. ಅದಕ್ಕೇ ಗಾಡಿಯವನು ‘ಸ್ವಲ್ಪ ಮುಂದೆ ಬನ್ನಿ’, ‘ಹಿಂದೆ ಸರೀರಿ’ ಎಂದು ತೂಕ ಹೊಂದಿಸಿಯೇ ಹೊರಡುತ್ತಿದ್ದ. ದಾರಿ ಬಿಡಿಸಲು ಚಬುಕಿನ ಕೋಲನ್ನು ತಿರುಗುವ ಗಾಲಿಯ ಕಡ್ಡಿಗಳಿಗೆ ಒಡ್ಡಿದರೆ ಕಟಕಟ ಸದ್ದು.

1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರ ಬೆಳೆದಾಗ, ನಡೆದೇ ಮುಗಿಯುತ್ತಿದ್ದ ಬೆಂಗಳೂರಿನ ದೂರಗಳು ಬಂಡಿ ಬೇಡುವ ದೂರಗಳಾದವು. ಚಿಕ್ಕಪೇಟೆಯ ಜವಳಿಗೆ, ಟ್ರಂಕು ಹಾಸಿಗೆಸುರುಳಿಗಳೊಂದಿಗೆ ರೈಲು ನಿಲ್ದಾಣಕ್ಕೆ, ಬಾಣಂತಿಯನ್ನು ಮನೆಗೆ ಕರೆತರುವುದಕ್ಕೆ ಜಟಕಾವೇ ಬೇಕಾಯಿತು.

ಮನೆಮಾತಾದ ಪದವನ್ನು ಕನ್ನಡ ಒಂಟಿಯಾಗಿ ಬಿಡಲಿಲ್ಲ. ‘ಗೇಟು’ ಬಂದಾಗ ‘ಗೇಟುಬಾಗಿಲು’ ಎಂದಂತೆ, ಜಟಕಾದ ಪಕ್ಕದಲ್ಲಿ ತನ್ನ ಹಳೆಯ ‘ಬಂಡಿ’ಯನ್ನು ಕೂರಿಸಿತು. ಜಟಕಾ ಬಂಡಿ! ಕುಲುಕು ಎಂಬ ಮೂಲದ ಅರ್ಥ ಕಿವಿಗೆ ಮರೆಯಾಯಿತು, ಮೈ ಮಾತ್ರ ಮರೆಯಲಿಲ್ಲ.

ಗಾಡಿ ಹೊಡೆಯುತ್ತಿದ್ದವರಲ್ಲಿ ಮುಸಲ್ಮಾನರು ಬಹಳ. ಹಾಗಾಗಿ ಕಚೇರಿಯ ಅಧಿಕಾರಿಗೆ ಸಲ್ಲುತ್ತಿದ್ದ ‘ಸಾಹೇಬ’ ಎಂಬ ಗೌರವ ಜಟಕಾದ ಮುಂಭಾಗದಲ್ಲಿ ಕೂತವರಿಗೂ ಸಂದಿತು. ‘ಸಾಹೇಬ್ರೇ, ಗಾಂಧಿಬಜಾರಿಗೆ ಬರ್ತೀರಾ?’ ಎಂದೇ ಕೇಳಬೇಕಿತ್ತು.

ಬಸವನಗುಡಿಯಲ್ಲಿ ಬಾಳಿದ ಕವಿ ಡಿ.ವಿ.ಜಿ. ಈ ಮೂರು ಪದಗಳನ್ನೂ ಒಟ್ಟಿಗೆ ಎತ್ತಿಕೊಂಡರು. 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕು ಜಟಕಾ ಬಂಡಿ, ವಿಧಿ ಅದರ ಸಾಹೇಬ, ನಾವು ಕುದುರೆ. ಹಳಗನ್ನಡದ ಗತ್ತಿನ ಪದ್ಯದೊಳಗೆ ಬೀದಿಯ ಮಾತು ಕಾಲೂರಿ ನಿಂತಿತು. ಬಸ್ಸು, ಆಟೋಗಳು ಬಂದು ಬಂಡಿ ಬೀದಿ ಬಿಟ್ಟಿತು. ಪದ ಮಾತ್ರ ಕಷ್ಟ ಹೇಳಿಕೊಳ್ಳುವವರ ಬಾಯಲ್ಲಿ ಇನ್ನೂ ಓಡುತ್ತಿದೆ.

ಅರಬ್ಬಿಯಲ್ಲಿ ‘ಸಾಹಿಬ್’ ಎಂದರೆ ಒಡೆಯನಿಗೂ ಮೊದಲು ಜೊತೆಗಾರ. ಇದು ತಿಳಿದ ಮೇಲೆ ಆ ಪದ್ಯದ ವಿಧಿ ನನಗೆ ಬೇರೆಯಾಗಿ ಕಾಣುತ್ತದೆ: ಲಗಾಮು ಅವನ ಕೈಯಲ್ಲಿದೆ ನಿಜ, ಆದರೆ ಅವನೂ ಅದೇ ಬಂಡಿಯಲ್ಲಿ ಕೂತು ಅದೇ ಕುಲುಕು ತಿನ್ನುತ್ತಿದ್ದಾನೆ.